ಕ್ಲೌಡ್‌ನಲ್ಲಿ ಮುಖ್ಯ ವ್ಯವಹಾರದ ಅಪ್ಲಿಕೇಶನ್‌ಗೆ ಲಿನಕ್ಸ್ ಆರಿಸುವುದು ಹೇಗೆ

ಮೊದಲು ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಕ್ಲೌಡ್‌ಗೆ ಹೋಗಬೇಕಾದ ಪ್ರತಿ ಸರ್ವರ್‌ಗೂ ಒಂದೊಂದು ಸಾಲು. ಅದರಲ್ಲಿ ಯಾವ ಅಪ್ಲಿಕೇಶನ್ ಓಡುತ್ತಿದೆ, ಯಾವ ವರ್ಷನ್, ಡೇಟಾಬೇಸ್ ಯಾವುದು, ಬ್ಯಾಕಪ್, ಆಂಟಿವೈರಸ್, ಮಾನಿಟರಿಂಗ್ ಏಜೆಂಟ್‌ಗಳು ಯಾವುವು, ಕ್ಲಸ್ಟರ್ (ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಸರ್ವರ್ ಗುಂಪು) ಇದೆಯೇ, ಸರ್ವರ್ ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು, ಇನ್ನೆಷ್ಟು ವರ್ಷ ಈ ಅಪ್ಲಿಕೇಶನ್ ನಡೆಯಬೇಕು, ಇಷ್ಟನ್ನೂ ಬರೆಯಿರಿ. ಆಪರೇಟಿಂಗ್ ಸಿಸ್ಟಮ್ ಕಾಲಂ ಮಾತ್ರ ಖಾಲಿ ಇರಲಿ. ಉಳಿದ ಕಾಲಂಗಳು ತುಂಬಿದ ಮೇಲೆ ಅದನ್ನು ತುಂಬುವುದು ಸುಲಭ.

ಬಹಳ ಕಡೆ ಇದು ತಿರುಗಾಮುರುಗಾ ನಡೆಯುತ್ತದೆ. ತಂಡಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಚೆನ್ನಾಗಿ ಗೊತ್ತು ಅಂತ ಎಲ್ಲ ಸರ್ವರ್‌ಗೂ ಉಬುಂಟು ಹಾಕುತ್ತಾರೆ. ಅಥವಾ ಹಳೆಯದು ಸೆಂಟ್‌ಓಎಸ್ (ರೆಡ್ ಹ್ಯಾಟ್ ಲಿನಕ್ಸ್‌ನ ಉಚಿತ ನಕಲು) ಆಗಿತ್ತು ಅಂತ ಅದರ ಹತ್ತಿರದ ನೆಂಟನನ್ನೇ ಹುಡುಕುತ್ತಾರೆ. ಆರು ತಿಂಗಳ ನಂತರ ಡೇಟಾಬೇಸ್ ಕೈಕೊಟ್ಟಾಗ ವೆಂಡರ್‌ಗೆ, ಅಂದರೆ ಅದನ್ನು ಮಾರಿದ ಕಂಪನಿಗೆ, ಟಿಕೆಟ್ ಹಾಕಿದರೆ ಅವರು ಕೇಳುವ ಮೊದಲ ಪ್ರಶ್ನೆಯೇ ಆಪರೇಟಿಂಗ್ ಸಿಸ್ಟಮ್ ಯಾವುದು ಅಂತ. ಅವರ ಪಟ್ಟಿಯಲ್ಲಿ ಇಲ್ಲದ ಹೆಸರು ಹೇಳಿದರೆ, "ನಾವು ಸರ್ಟಿಫೈ ಮಾಡಿದ ಸಿಸ್ಟಮ್ ಮೇಲೆ ಇದೇ ತೊಂದರೆ ಮಾಡಿ ತೋರಿಸಿ" ಎಂಬ ಉತ್ತರ ಬರುತ್ತದೆ. ನಡುರಾತ್ರಿ ಬಿಲ್ಲಿಂಗ್ ನಿಂತಿರುವಾಗ ಆ ಉತ್ತರದಿಂದ ಏನೂ ಉಪಯೋಗವಿಲ್ಲ.

ವೆಂಡರ್ ಪಟ್ಟಿಯೇ ಮೊದಲ ಜರಡಿ

ಎಸ್‌ಎಪಿ ಕಂಪನಿಯ ಹಾನಾ ಡೇಟಾಬೇಸ್ ಇದ್ದರೆ ಆಯ್ಕೆ ಎರಡಕ್ಕೇ ಇಳಿಯುತ್ತದೆ: ಸೂಸೆ ಲಿನಕ್ಸ್ ಎಂಟರ್‌ಪ್ರೈಸ್ ಸರ್ವರ್, ಇಲ್ಲವೇ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್. ಕೆಲಸದವರ ಬಾಯಲ್ಲಿ ಒಂದು ಸ್ಲೆಸ್, ಇನ್ನೊಂದು ರೆಲ್. ಉಬುಂಟು, ರೆಲ್‌ನ ಉಚಿತ ರೂಪಗಳಾದ ರಾಕಿ ಮತ್ತು ಆಲ್ಮಾ, ಒರಾಕಲ್ ಲಿನಕ್ಸ್ ಯಾವುದೂ ಹಾನಾಗೆ ನಡೆಯುವುದಿಲ್ಲ. ಯಾವ ಹಾನಾ ವರ್ಷನ್‌ಗೆ ಯಾವ ಸರ್ವಿಸ್ ಪ್ಯಾಕ್ (ಸ್ಲೆಸ್‌ನ ಉಪ ಆವೃತ್ತಿ), ಯಾವ ಮೈನರ್ ರಿಲೀಸ್ (ರೆಲ್‌ನ 9.4ರಂಥ ಉಪ ಆವೃತ್ತಿ) ಎಂಬುದು ಎಸ್‌ಎಪಿ ನೋಟ್ 2235581ರಲ್ಲಿದೆ. ಕ್ಲೌಡ್ ಮಷೀನಿನ ಮಾದರಿಯೂ ಎಸ್‌ಎಪಿಯ ಸರ್ಟಿಫೈಡ್ ಪಟ್ಟಿಯಲ್ಲಿರಬೇಕು. ಎರಡನ್ನೂ ಒಟ್ಟಿಗೆ ನೋಡಿ. ಆಪರೇಟಿಂಗ್ ಸಿಸ್ಟಮ್ ಸರಿಯಿದ್ದು ಮಷೀನ್ ಮಾದರಿ ಪಟ್ಟಿಯಲ್ಲಿ ಇಲ್ಲದಿದ್ದರೂ ಪ್ರೊಡಕ್ಷನ್‌ಗೆ, ಅಂದರೆ ನಿಜವಾದ ವ್ಯವಹಾರ ನಡೆಸಲು, ಸಪೋರ್ಟ್ ಸಿಗುವುದಿಲ್ಲ.

ಒರಾಕಲ್ ಡೇಟಾಬೇಸ್ 19ಸಿ ಇದ್ದರೆ ಒರಾಕಲ್ ಲಿನಕ್ಸ್, ರೆಲ್, ಸ್ಲೆಸ್ ಈ ಮೂರು. ಉಬುಂಟು ಪಟ್ಟಿಯಲ್ಲಿಲ್ಲ. ಇಲ್ಲಿ ಒಂದು ಸಣ್ಣ ಗಂಟಿದೆ. ಡೌನ್‌ಲೋಡ್‌ಗೆ ಸಿಗುವ ಮೂಲ 19.3 ಇನ್‌ಸ್ಟಾಲರ್ ತಯಾರಾದಾಗ ರೆಲ್ ಮತ್ತು ಒರಾಕಲ್ ಲಿನಕ್ಸ್‌ನ 8ನೇ ಆವೃತ್ತಿ ಸರ್ಟಿಫೈ ಆಗಿರಲಿಲ್ಲ. ಹಾಗಾಗಿ ರೆಲ್ 8ರ ಮೇಲೆ ಅದು ಆಪರೇಟಿಂಗ್ ಸಿಸ್ಟಮ್ ಗುರುತು ಸಿಗದೆ ಮೊದಲ ಪರದೆಯಲ್ಲೇ ನಿಲ್ಲುತ್ತದೆ. 'ಸಿವಿ ಅಸ್ಯೂಮ್ ಡಿಸ್ಟ್ ಐಡಿ' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 7ರ ಸಾಲಿನ ಹೆಸರು ಕೊಟ್ಟು, ಇನ್‌ಸ್ಟಾಲ್ ಮಾಡುವಾಗಲೇ ಹೊಸ ರಿಲೀಸ್ ಅಪ್‌ಡೇಟ್ ಸೇರಿಸಿದರೆ ಮುಂದೆ ಹೋಗುತ್ತದೆ. ಇದು ಒರಾಕಲ್ ದಾಖಲೆಗಳಲ್ಲೇ ಇರುವ ದಾರಿ, ಕಳ್ಳದಾರಿಯಲ್ಲ.

ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ 2022 ಆದರೆ ರೆಲ್, ಸ್ಲೆಸ್, ಉಬುಂಟು ಮೂರರ ನಿರ್ದಿಷ್ಟ ಆವೃತ್ತಿಗಳಿಗೆ ಸಪೋರ್ಟ್ ಇದೆ. ಪೋಸ್ಟ್‌ಗ್ರೆಸ್ ಎಂಬ ಓಪನ್ ಸೋರ್ಸ್ ಡೇಟಾಬೇಸ್, ಜಾವಾ, ಪೈಥಾನ್, ನೀವೇ ಬರೆದ ಸರ್ವಿಸ್‌ಗಳಾದರೆ ಯಾರ ಹಂಗೂ ಇಲ್ಲ. ಅಲ್ಲಿ ಆಯಸ್ಸು, ಖರ್ಚು, ತಂಡದ ಪರಿಚಯ ಇವುಗಳ ಮೇಲೆ ತೀರ್ಮಾನಿಸಿ.

ಏಜೆಂಟ್‌ಗಳನ್ನು ಮರೆಯುವವರೇ ಹೆಚ್ಚು. ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಮಾಡ್ಯೂಲ್ ಹಾಕುವ ಸೆಕ್ಯುರಿಟಿ ಏಜೆಂಟ್ ಇದ್ದರೆ ಹೊಸ ಕರ್ನಲ್ ಬಂದ ದಿನವೇ ಅದಕ್ಕೆ ಸಪೋರ್ಟ್ ಬರುವುದಿಲ್ಲ. ಏಜೆಂಟ್ ಅರ್ಧಂಬರ್ಧ ಕೆಲಸ ಮಾಡುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಹಸಿರು ದೀಪ. ಆ ಕಂಪನಿಯ ಕರ್ನಲ್ ಪಟ್ಟಿ ನೋಡಿ, ಹೊಸ ಕರ್ನಲ್‌ಗೆ ಎಷ್ಟು ದಿನದಲ್ಲಿ ಸಪೋರ್ಟ್ ಕೊಡುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ.

ಆಯಸ್ಸು: ಎರಡು ಗಡಿಯಾರ

2020ರ ಡಿಸೆಂಬರ್ 8ರಂದು ಸೆಂಟ್‌ಓಎಸ್ ಲಿನಕ್ಸ್ 8ರ ಆಯಸ್ಸನ್ನು 2029ರಿಂದ 2021ರ ಡಿಸೆಂಬರ್ 31ಕ್ಕೆ ಇಳಿಸಿದ ಪ್ರಕಟಣೆ ಬಂತು. 8ಕ್ಕೆ ಹೋಗಿ ನೆಮ್ಮದಿಯಾಗಿದ್ದವರಿಗೆ ಉಳಿದದ್ದು ಒಂದು ವರ್ಷ ಚಿಲ್ಲರೆ. ಸೆಂಟ್‌ಓಎಸ್ 7 ಮಾತ್ರ ಹೇಳಿದ ದಿನದವರೆಗೆ, 2024ರ ಜೂನ್ 30ರವರೆಗೆ, ನಡೆಯಿತು. ಹಾಗಾಗಿ ದಿನಾಂಕ ನೋಡುವಾಗ ಆ ಮಾತು ಯಾರು ಕೊಟ್ಟದ್ದು, ಯಾವ ಒಪ್ಪಂದದ ಮೇಲೆ ಕೊಟ್ಟದ್ದು ಎಂಬುದನ್ನೂ ನೋಡಬೇಕು. ಹಣ ಕೊಟ್ಟ ಸಬ್‌ಸ್ಕ್ರಿಪ್ಷನ್‌ನ ದಿನಾಂಕಕ್ಕೂ ಸಮುದಾಯದ ಒಳ್ಳೆಯ ಮನಸ್ಸಿನ ದಿನಾಂಕಕ್ಕೂ ತೂಕ ಬೇರೆ.

ಈಗಿನ ಲೆಕ್ಕ ಹೀಗಿದೆ. ರೆಲ್ 8ಕ್ಕೆ ಮೇಂಟೆನೆನ್ಸ್ 2029ರ ಮೇ ಕೊನೆಯವರೆಗೆ, ರೆಲ್ 9ಕ್ಕೆ 2032ರ ಮೇ ಕೊನೆಯವರೆಗೆ. 2025ರ ಮೇನಲ್ಲಿ ಬಂದ ರೆಲ್ 10ಕ್ಕೆ 2035ರವರೆಗೆ. ಉಬುಂಟು ಎಲ್‌ಟಿಎಸ್‌ಗೆ (ದೀರ್ಘಾವಧಿ ಆವೃತ್ತಿಗೆ) ಐದು ವರ್ಷ ಮಾಮೂಲು ಸಪೋರ್ಟ್: 22.04ಕ್ಕೆ 2027, 24.04ಕ್ಕೆ 2029. ಉಬುಂಟು ಪ್ರೊ ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡರೆ ಹತ್ತು ವರ್ಷ. ಸ್ಲೆಸ್ 15 ಸರ್ವಿಸ್ ಪ್ಯಾಕ್ ಲೆಕ್ಕದಲ್ಲಿ ನಡೆಯುತ್ತದೆ: ವರ್ಷಕ್ಕೊಂದರಂತೆ ಪ್ಯಾಕ್ ಬಂದವು, ಹೊಸದು ಬಂದ ಮೇಲೆ ಹಳೆಯದರಿಂದ ಏಳಲು ಆರು ತಿಂಗಳು ಸಮಯವಿತ್ತು. ಕೊನೆಯ ಪ್ಯಾಕ್ ಎಸ್‌ಪಿ7ಗೆ 2031ರ ಜುಲೈವರೆಗೆ ಸಪೋರ್ಟ್. ಅಮೆಜಾನ್ ಲಿನಕ್ಸ್ 2ರ ಕೊನೆಯ ದಿನ 2026ರ ಜೂನ್ 30.

ಅಪ್ಲಿಕೇಶನ್ ಇನ್ನು ಆರು ವರ್ಷ ನಡೆಯಬೇಕಾದರೆ ಆಪರೇಟಿಂಗ್ ಸಿಸ್ಟಮ್‌ಗೆ ಕನಿಷ್ಠ ಏಳು ವರ್ಷ ಉಳಿದಿರಲಿ. ಆ ಹೆಚ್ಚಿನ ಒಂದು ವರ್ಷ ಬೇರೆಡೆಗೆ ಸಾಗಿಸುವ ಕೆಲಸಕ್ಕೆ.

ಇದು ದೊಡ್ಡ ಗಡಿಯಾರ. ಮೈನರ್ ರಿಲೀಸ್‌ನ ಚಿಕ್ಕ ಗಡಿಯಾರವೂ ಒಂದಿದೆ, ಪೆಟ್ಟು ಕೊಡುವುದು ಸಾಮಾನ್ಯವಾಗಿ ಅದೇ. ವೆಂಡರ್ 9.4 ಮೇಲೆ ಸರ್ಟಿಫೈ ಮಾಡಿದ್ದಾರೆ ಅಂದುಕೊಳ್ಳಿ. ಯಾರೋ ಮಾಮೂಲಿನಂತೆ ಅಪ್‌ಡೇಟ್ ಓಡಿಸಿದರೆ ಸರ್ವರ್ ಸದ್ದಿಲ್ಲದೆ 9.6ಕ್ಕೋ ಅದರ ಮುಂದಕ್ಕೋ ಹೋಗಿರುತ್ತದೆ. ಇದನ್ನು ತಡೆಯಲು ರಿಲೀಸ್ ಲಾಕ್ ಹಾಕುತ್ತಾರೆ. ಸಬ್‌ಸ್ಕ್ರಿಪ್ಷನ್ ಮ್ಯಾನೇಜರ್ ಇದ್ದಲ್ಲಿ ಅದರ ರಿಲೀಸ್ ಆಯ್ಕೆಯಿಂದ, ಕ್ಲೌಡ್ ಇಮೇಜ್ (ಮಷೀನ್ ಎಬ್ಬಿಸಲು ಸಿದ್ಧವಾದ ಪ್ರತಿ) ಆದರೆ ಪ್ಯಾಕೇಜ್ ಹಾಕುವ ಡಿಎನ್‌ಎಫ್ ಕಮಾಂಡಿನ ರಿಲೀಸ್‌ವರ್ ವೇರಿಯಬಲ್‌ನಿಂದ. ಆದರೆ ಲಾಕ್ ಹಾಕಿದ ಮೇಲೆ ಆ ಮೈನರ್ ರಿಲೀಸ್‌ಗೆ ಎಕ್ಸ್‌ಟೆಂಡೆಡ್ ಅಪ್‌ಡೇಟ್ ಸಪೋರ್ಟ್, ಅಂದರೆ ಇಯುಎಸ್, ರೆಪೊ (ಪ್ಯಾಕೇಜ್‌ಗಳ ಭಂಡಾರ) ಜೋಡಿಸಿರಲೇಬೇಕು. ಇಯುಎಸ್ ಸಿಗುವುದು ರೆಲ್ 9ರಲ್ಲಿ ಸಮಸಂಖ್ಯೆಯ ರಿಲೀಸ್‌ಗಳಿಗೆ, ಎರಡು ವರ್ಷ ಮಾತ್ರ. 9.4 ಬಂದದ್ದು 2024ರ ಏಪ್ರಿಲ್ 30ಕ್ಕೆ, ಅದರ ಇಯುಎಸ್‌ನ ಕೊನೆಯ ದಿನ 2026ರ ಏಪ್ರಿಲ್ 30.

ಅವಧಿ ಮುಗಿದ ಮೇಲೂ ಲಾಕ್ ಹಾಗೇ ಇದ್ದರೆ ಏನಾಗುತ್ತದೆ? ಅಪ್‌ಡೇಟ್ ಕಮಾಂಡ್ ಕೊಟ್ಟರೆ "ಮಾಡುವುದೇನೂ ಇಲ್ಲ" ಎನ್ನುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಎಲ್ಲ ಪ್ಯಾಚ್ ಆಗಿದೆ ಎಂದು ರಿಪೋರ್ಟ್ ಹೋಗುತ್ತದೆ, ವಾಸ್ತವದಲ್ಲಿ ತಿಂಗಳುಗಟ್ಟಲೆ ಒಂದು ಪ್ಯಾಚೂ ಬಂದಿರುವುದಿಲ್ಲ. ಲಾಕ್ ಹಾಕಿದ ದಿನವೇ ಅದನ್ನು ತೆಗೆಯುವ ದಿನವನ್ನೂ ಕ್ಯಾಲೆಂಡರ್‌ಗೆ ಹಾಕಿ, ಇಬ್ಬರ ಹೆಸರಿನಲ್ಲಿ. ಎಸ್‌ಎಪಿ ಸರ್ವರ್‌ಗಳಿಗೆ ರೆಡ್ ಹ್ಯಾಟ್ ಪ್ರತ್ಯೇಕ ಸಬ್‌ಸ್ಕ್ರಿಪ್ಷನ್ ಕೊಡುತ್ತದೆ, ಅದರಲ್ಲಿ ಆಯ್ದ ಮೈನರ್ ರಿಲೀಸ್‌ಗಳಿಗೆ ನಾಲ್ಕು ವರ್ಷ ಅಪ್‌ಡೇಟ್ ಸಿಗುತ್ತದೆ. ಹಾನಾ ಸರ್ವರ್‌ಗೆ ಸಾದಾ ರೆಲ್ ಇಮೇಜ್ ಹಾಕುವುದು ಈ ಕಾರಣಕ್ಕೇ ತಪ್ಪು.

ಉಬುಂಟುದಲ್ಲಿ ಬೇರೆ ಬಗೆಯ ಹೊಂಡವಿದೆ. ಐದು ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಖಾತ್ರಿ ಇರುವುದು 'ಮೇನ್' ರೆಪೊ ಪ್ಯಾಕೇಜ್‌ಗಳಿಗೆ. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ 'ಯೂನಿವರ್ಸ್'ಗೆ ಆ ಖಾತ್ರಿ ಬೇಕೆಂದರೆ ಪ್ರೊ ಬೇಕು. ಸರ್ವರ್ ಮೇಲೆ ಪ್ರೊದ ಸೆಕ್ಯುರಿಟಿ ಸ್ಟೇಟಸ್ ಕಮಾಂಡ್ ಓಡಿಸಿದರೆ ಯಾವ ಪ್ಯಾಕೇಜ್ ಯಾವ ರೆಪೊದ್ದು ಎಂಬ ಎಣಿಕೆ ಸಿಗುತ್ತದೆ. ರೆಲ್ ಕಡೆ ಇದಕ್ಕೆ ಸಮನಾದದ್ದು ಎಪೆಲ್ ಎಂಬ ಸಮುದಾಯದ ರೆಪೊ: ಬಳಸಲು ಸುಲಭ, ಆದರೆ ಅದು ರೆಡ್ ಹ್ಯಾಟ್ ಸಪೋರ್ಟ್ ಒಳಗೆ ಬರುವುದಿಲ್ಲ. ಮುಖ್ಯ ಅಪ್ಲಿಕೇಶನ್ ಎಪೆಲ್ ಪ್ಯಾಕೇಜ್ ಮೇಲೆ ನಿಂತಿದ್ದರೆ ಹಣ ಕೊಟ್ಟ ಸಬ್‌ಸ್ಕ್ರಿಪ್ಷನ್‌ನಲ್ಲಿ ಅಷ್ಟು ಭಾಗ ತೂತು.

ರಾಕಿ, ಆಲ್ಮಾ, ಸ್ಟ್ರೀಮ್

2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ರೆಲ್ ಸೋರ್ಸ್ ಕೋಡನ್ನು ಸಾರ್ವಜನಿಕವಾಗಿ ಸೆಂಟ್‌ಓಎಸ್ ಸ್ಟ್ರೀಮ್ ಮೂಲಕ ಮಾತ್ರ ಕೊಡುವುದಾಗಿ ಹೇಳಿತು. ಅದಾದ ಮೇಲೆ ಆಲ್ಮಾ 'ಅಕ್ಷರಶಃ ನಕಲು' ಎಂಬ ಗುರಿ ಬಿಟ್ಟು, ರೆಲ್‌ಗೆ ತಯಾರಾದ ಪ್ರೋಗ್ರಾಮ್ ಬದಲಾವಣೆಯಿಲ್ಲದೆ ಓಡಬೇಕು ಎಂಬ ಹೊಂದಾಣಿಕೆಯ ಗುರಿ ಹಿಡಿಯಿತು. ರಾಕಿ ನಕಲಿನ ದಾರಿಯಲ್ಲೇ ಉಳಿಯಿತು. ಎರಡೂ ಒಳ್ಳೆಯ ಕೆಲಸ ಮಾಡುತ್ತಿವೆ, ಎರಡಕ್ಕೂ ಹಣ ಕೊಟ್ಟು ಸಪೋರ್ಟ್ ಪಡೆಯುವ ದಾರಿಯೂ ಇದೆ. ವೆಬ್ ಸರ್ವರ್, ಬಿಲ್ಡ್ ಸರ್ವರ್, ಒಂದು ಹೋದರೆ ಇನ್ನೊಂದು ಎದ್ದು ನಿಲ್ಲುವ ಅಪ್ಲಿಕೇಶನ್ ಸರ್ವರ್‌ಗಳಿಗೆ ಧಾರಾಳವಾಗಿ ಹಾಕಬಹುದು. ಸರ್ಟಿಫಿಕೇಶನ್ ಬೇಕಾದ ಡೇಟಾಬೇಸ್ ಸರ್ವರ್‌ಗೆ ಬೇಡ. ಸ್ಟ್ರೀಮ್ ಎಂದರೆ ಮುಂದಿನ ಮೈನರ್ ರಿಲೀಸ್ ತಯಾರಾಗುತ್ತಿರುವ ಜಾಗ. ಅದನ್ನು ಪ್ರೊಡಕ್ಷನ್‌ಗೆ ಹಾಕಬೇಡಿ, ಪರೀಕ್ಷೆಗೆ ಇಟ್ಟುಕೊಳ್ಳಿ.

ಅಮೆಜಾನ್ ಲಿನಕ್ಸ್ 2023 ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಒಳಗೆ ಚುರುಕಾಗಿದೆ, ಬೇರೆ ದುಡ್ಡಿಲ್ಲ. ಆದರೆ ಅದು ಎಪೆಲ್ ಜೊತೆ ಹೊಂದುವುದಿಲ್ಲ, ನಾಳೆ ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ಗೆ ಹೋಗಬೇಕೆಂದರೆ ಜೊತೆಗೆ ಬರುವುದೂ ಇಲ್ಲ.

ಬಿಲ್ಲು ಎಲ್ಲಿ ಏರುತ್ತದೆ

ಕ್ಲೌಡ್‌ನಲ್ಲಿ ರೆಲ್, ಸ್ಲೆಸ್ ಕೊಳ್ಳಲು ಎರಡು ದಾರಿ. ಒಂದು, ಗಂಟೆ ಲೆಕ್ಕದಲ್ಲಿ ಲೈಸೆನ್ಸ್ ಸೇರಿದ ಇಮೇಜ್. ಇನ್ನೊಂದು, ವರ್ಷದ ಸಬ್‌ಸ್ಕ್ರಿಪ್ಷನ್ ನೀವೇ ಕೊಂಡು ಕ್ಲೌಡ್‌ಗೆ ಒಯ್ಯುವುದು. ವರ್ಷಕ್ಕೆ 8,760 ಗಂಟೆ. ಗಂಟೆ ದರವನ್ನು ಇದರಿಂದ ಗುಣಿಸಿ ಸಬ್‌ಸ್ಕ್ರಿಪ್ಷನ್ ಬೆಲೆಯ ಪಕ್ಕ ಇಡಿ. ಹಗಲೂ ರಾತ್ರಿ ಓಡುವ ಸರ್ವರ್‌ಗೆ ಬಹುತೇಕ ಸಬ್‌ಸ್ಕ್ರಿಪ್ಷನ್ನೇ ಅಗ್ಗ. ದಿನಕ್ಕೆ ಹತ್ತು ತಾಸು, ವಾರಕ್ಕೆ ಐದು ದಿನ ಓಡುವ ಟೆಸ್ಟ್ ಸರ್ವರ್‌ಗೆ ವರ್ಷಕ್ಕೆ 2,600 ಗಂಟೆ ಮಾತ್ರ, ಅಲ್ಲಿ ಗಂಟೆ ಲೆಕ್ಕ ಲಾಭ. ರೆಡ್ ಹ್ಯಾಟ್ 2024ರಲ್ಲಿ ಕ್ಲೌಡ್ ದರವನ್ನು ಸಣ್ಣದು, ದೊಡ್ಡದು ಎಂಬ ಎರಡು ಹಂತದಿಂದ ವಿಸಿಪಿಯು (ಮಷೀನಿಗೆ ಕೊಟ್ಟ ಸಿಪಿಯು ಪಾಲು) ಲೆಕ್ಕಕ್ಕೆ ಬದಲಿಸಿತು. ಎಡಬ್ಲ್ಯುಎಸ್‌ನಲ್ಲಿ ಇದು ಜುಲೈ 1ರಿಂದ ಬಂತು. 2 ವಿಸಿಪಿಯು ಮಷೀನಿಗೆ ಖರ್ಚು ಇಳಿಯಿತು, 64ರದ್ದಕ್ಕೆ ಏರಿತು. ಹಳೆಯ ಲೆಕ್ಕದ ಶೀಟ್ ಇಟ್ಟುಕೊಂಡಿದ್ದರೆ ಬಿಸಾಡಿ ಹೊಸದು ಮಾಡಿ.

ಹಣ ಎರಡು ಸಲ ಹೋಗುವ ದಾರಿಯೂ ಇದೆ. ಲೈಸೆನ್ಸ್ ಸೇರಿದ ಇಮೇಜ್‌ನಿಂದ ಮಷೀನ್ ಎಬ್ಬಿಸಿ, ಆಮೇಲೆ ಅದನ್ನೇ ನಿಮ್ಮ ಸಬ್‌ಸ್ಕ್ರಿಪ್ಷನ್‌ಗೂ ರಿಜಿಸ್ಟರ್ ಮಾಡಿದರೆ ಗಂಟೆ ದರವೂ ಓಡುತ್ತಿರುತ್ತದೆ, ಸಬ್‌ಸ್ಕ್ರಿಪ್ಷನ್ ಕೂಡ ಖರ್ಚಾಗುತ್ತದೆ. ಅಜೂರ್‌ನಲ್ಲಿ ಹೈಬ್ರಿಡ್ ಬೆನಿಫಿಟ್ ಎಂಬ ಸೌಲಭ್ಯದಿಂದ ಓಡುತ್ತಿರುವ ಮಷೀನನ್ನೇ ಒಂದು ಲೆಕ್ಕದಿಂದ ಇನ್ನೊಂದಕ್ಕೆ ಬದಲಿಸಬಹುದು. ಮತ್ತೆ ಕಟ್ಟಬೇಕಾಗಿಲ್ಲ.

ಎಡಬ್ಲ್ಯುಎಸ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಲೈಸೆನ್ಸ್ ಸೇರಿದ ಇಮೇಜ್‌ನಲ್ಲಿ ಒಂದು ಬಿಲ್ಲಿಂಗ್ ಕೋಡ್ ಅಂಟಿಕೊಂಡಿರುತ್ತದೆ. ರೆಡ್ ಹ್ಯಾಟ್ ಅಪ್‌ಡೇಟ್ ಸರ್ವರ್ ಈ ಮಷೀನ್ ಹಕ್ಕುದಾರ ಹೌದೇ ಎಂದು ಗುರುತಿಸುವುದು ಅದರಿಂದಲೇ. ಓಡುವ ಮಷೀನಿನಿಂದ ನೇರ ಇಮೇಜ್ ಮಾಡಿದರೆ ಕೋಡ್ ಉಳಿಯುತ್ತದೆ. ಡಿಸ್ಕ್ ಸ್ನ್ಯಾಪ್‌ಶಾಟ್ ತೆಗೆದು ಅದರಿಂದ ಹೊಸ ಇಮೇಜ್ ರಿಜಿಸ್ಟರ್ ಮಾಡಿದರೆ ಕೋಡ್ ಕಳೆದುಹೋಗುತ್ತದೆ. ಅಂಥ ಮಷೀನ್ ಏಳುತ್ತದೆ, ಅಪ್ಲಿಕೇಶನ್ ಕೂಡ ಓಡುತ್ತದೆ, ಅಪ್‌ಡೇಟ್ ಮಾತ್ರ ಬರುವುದಿಲ್ಲ. ಡಿಆರ್‌ಗೆ (ಅನಾಹುತವಾದರೆ ಬೇರೆಡೆ ಎಬ್ಬಿಸುವ ವ್ಯವಸ್ಥೆಗೆ) ಸ್ನ್ಯಾಪ್‌ಶಾಟ್ ನೆಚ್ಚಿಕೊಂಡವರು ಇದನ್ನು ಈಗಲೇ ಪರೀಕ್ಷಿಸಿ.

ಇಮೇಜ್ ಆರಿಸುವಾಗ ಹೆಸರು ನೋಡಿ ನಂಬಬೇಡಿ, ಮಾಲೀಕರ ಅಕೌಂಟ್ ನಂಬರ್ ನೋಡಿ. ಎಡಬ್ಲ್ಯುಎಸ್‌ನಲ್ಲಿ ರೆಡ್ ಹ್ಯಾಟ್‌ನದು 309956199686, ಉಬುಂಟು ಕೊಡುವ ಕ್ಯಾನೊನಿಕಲ್‌ನದು 099720109477. ಅದೇ ಹೆಸರಿಟ್ಟು ಬೇರೆಯವರು ಹಾಕಿದ ಇಮೇಜ್‌ಗಳೂ ಹುಡುಕಾಟದಲ್ಲಿ ಸಿಗುತ್ತವೆ.

ಇಂಟರ್ನೆಟ್ ಇಲ್ಲದ ಸಬ್‌ನೆಟ್‌ನಲ್ಲಿ ಮಷೀನ್ ಇಟ್ಟರೆ ಅಪ್‌ಡೇಟ್ ಹೇಗೆ ಬರುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿ. ರೆಲ್‌ಗೆ ನ್ಯಾಟ್ ಗೇಟ್‌ವೇ (ಒಳಗಿನಿಂದ ಹೊರಗೆ ಹೋಗಲು ಮಾತ್ರ ದಾರಿ) ಅಥವಾ ಅಪ್‌ಡೇಟ್‌ಗಳ ಪ್ರತಿ ಇಟ್ಟುಕೊಳ್ಳುವ ನಿಮ್ಮದೇ ಸ್ಯಾಟಲೈಟ್ ಸರ್ವರ್, ಸೂಸೆಗೆ ಅಂಥದೇ ಆರ್‌ಎಂಟಿ ಸರ್ವರ್. ಅಮೆಜಾನ್ ಲಿನಕ್ಸ್ ರೆಪೊಗಳು ಎಡಬ್ಲ್ಯುಎಸ್‌ನ ಸ್ಟೋರೇಜ್ ಸೇವೆ ಎಸ್3ಯಲ್ಲಿರುವುದರಿಂದ ಒಂದು ಎಸ್3 ಗೇಟ್‌ವೇ ಎಂಡ್‌ಪಾಯಿಂಟ್ ಸಾಕು.

ಪೋಸ್ಟ್‌ಗ್ರೆಸ್ ಸಾಗಿಸುವವರಿಗೆ

ಸೆಂಟ್‌ಓಎಸ್ 7ರಿಂದ ಏಳುವವರು ತಪ್ಪದೆ ಓದಬೇಕಾದ ಭಾಗ ಇದು. ಪೋಸ್ಟ್‌ಗ್ರೆಸ್ ಅಕ್ಷರಗಳನ್ನು ವಿಂಗಡಿಸುವ ಕ್ರಮಕ್ಕೆ ಮಾಮೂಲಾಗಿ ಆಪರೇಟಿಂಗ್ ಸಿಸ್ಟಮ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. 7ರಲ್ಲಿ ಜಿಲಿಬ್‌ಸಿ 2.17. ರೆಲ್ 8ರಲ್ಲಿ 2.28, ರೆಲ್ 9ರಲ್ಲಿ 2.34. ಈ 2.28ರಲ್ಲಿ ವಿಂಗಡಣೆಯ ಕ್ರಮವೇ ಬದಲಾಯಿತು. ಅಮೆರಿಕನ್ ಇಂಗ್ಲಿಷ್ ಯುಟಿಎಫ್-8 ಲೊಕೇಲ್‌ನಲ್ಲಿ "11" ಮತ್ತು "1-1" ಎಂಬ ಎರಡು ಸಾಲು ಕೊಟ್ಟು ಸಾರ್ಟ್ ಮಾಡಿ ನೋಡಿ. ಹಳೆಯದರಲ್ಲಿ 11 ಮೊದಲು, ಹೊಸದರಲ್ಲಿ 1-1 ಮೊದಲು.

ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇರುವ ಪಟ್ಟಿ) ಹಳೆಯ ಕ್ರಮದಲ್ಲಿ ಕಟ್ಟಿದ್ದು, ಹುಡುಕುವುದು ಹೊಸ ಕ್ರಮದಲ್ಲಿ. ಹಾಗಾಗಿ ಇರುವ ಸಾಲು ಸಿಗುವುದಿಲ್ಲ. ಯೂನಿಕ್ ಇಂಡೆಕ್ಸ್ ಇದ್ದರೂ ಒಂದೇ ಪಾರ್ಟ್ ನಂಬರ್ ಎರಡು ಸಲ ಒಳಗೆ ಬರಬಹುದು. ಲಾಗ್‌ನಲ್ಲಿ ಎರರ್ ಕಾಣುವುದಿಲ್ಲ, ಅಕೌಂಟ್ಸ್‌ನವರು ಲೆಕ್ಕ ತಾಳೆಯಾಗುತ್ತಿಲ್ಲ ಎಂದಾಗ ಗೊತ್ತಾಗುತ್ತದೆ. ಡೇಟಾ ಡೈರೆಕ್ಟರಿಯನ್ನು ಹಾಗೇ ಕಾಪಿ ಮಾಡಿದರೂ, 7ರ ಮೇಲಿನ ಪ್ರೈಮರಿಗೆ 8ರ ಮೇಲೆ ಸ್ಟ್ರೀಮಿಂಗ್ ರೆಪ್ಲಿಕಾ ಮಾಡಿದರೂ, ಆಪರೇಟಿಂಗ್ ಸಿಸ್ಟಮನ್ನು ಇದ್ದಲ್ಲೇ ಅಪ್‌ಗ್ರೇಡ್ ಮಾಡಿದರೂ ಇದೇ ತೊಂದರೆ. ಉಬುಂಟು 18.04ರಿಂದ 20.04ಕ್ಕೆ ಹೋದರೂ ಇದೇ, ಏಕೆಂದರೆ ಅಲ್ಲೂ 2.27ರಿಂದ 2.31ಕ್ಕೆ ಜಿಗಿತವಿದೆ.

ಡಂಪ್ ತೆಗೆದು ರಿಸ್ಟೋರ್ ಮಾಡುವುದು ಅಥವಾ ಲಾಜಿಕಲ್ ರೆಪ್ಲಿಕೇಶನ್ ಸುರಕ್ಷಿತ. ಎರಡರಲ್ಲೂ ಇಂಡೆಕ್ಸ್ ಹೊಸದಾಗಿ ಕಟ್ಟಲ್ಪಡುತ್ತದೆ. ಡೇಟಾ ಹಲವು ಟೆರಾಬೈಟ್ ಇದ್ದು ಕಾಪಿ ಮಾಡದೆ ವಿಧಿಯಿಲ್ಲದಿದ್ದರೆ, ಅಪ್ಲಿಕೇಶನ್‌ಗೆ ಬಾಗಿಲು ತೆರೆಯುವ ಮೊದಲೇ ಟೆಕ್ಸ್ಟ್ ಕಾಲಂ ಇರುವ ಎಲ್ಲ ಇಂಡೆಕ್ಸ್‌ಗಳನ್ನೂ ರೀಇಂಡೆಕ್ಸ್ ಮಾಡಿ. ಅದಕ್ಕೆ ಬೇಕಾದ ಸಮಯವನ್ನು ಅಂದಾಜು ಮಾಡಬೇಡಿ, ಡೇಟಾದ ಪ್ರತಿಯೊಂದರ ಮೇಲೆ ಓಡಿಸಿ ಅಳೆಯಿರಿ. ಟೆಕ್ಸ್ಟ್ ಕಾಲಂ ಮೇಲೆ ರೇಂಜ್ ಪಾರ್ಟಿಶನ್ ಮಾಡಿದ್ದರೆ ಸಾಲುಗಳೇ ತಪ್ಪು ಪಾರ್ಟಿಶನ್‌ನಲ್ಲಿ ಕೂತಿರಬಹುದು. ಅದಕ್ಕೆ ರೀಇಂಡೆಕ್ಸ್ ಸಾಲದು, ಡಂಪ್ ದಾರಿಯೇ ಸರಿ.

ಸಿಪಿಯು, ಡಿಸ್ಕ್, ಮೆಮೊರಿ

ರೆಲ್ 9ಕ್ಕೆ ಎಕ್ಸ್86-64ರ ವಿ2 ಮಟ್ಟದ ಸಿಪಿಯು ಬೇಕು, ರೆಲ್ 10ಕ್ಕೆ ವಿ3. ಕ್ಲೌಡ್‌ನ ಈಚಿನ ಮಷೀನ್‌ಗಳಲ್ಲಿ ತೊಂದರೆಯಿಲ್ಲ. ಆಫೀಸ್‌ನಲ್ಲಿರುವ ಹಳೆಯ ಡಿಆರ್ ಸರ್ವರ್ ಮೇಲೂ ಇದೇ ಆವೃತ್ತಿ ಓಡಬೇಕಿದ್ದರೆ ಅಲ್ಲಿ ಪರೀಕ್ಷಿಸಿ. ಆಲ್ಮಾ 10 ಹಳೆಯ ಸಿಪಿಯುಗಾಗಿ ವಿ2 ಬಿಲ್ಡ್ ಕೂಡ ಕೊಡುತ್ತದೆ.

ಎಡಬ್ಲ್ಯುಎಸ್‌ನ ಈಗಿನ ನೈಟ್ರೊ ಮಷೀನ್‌ಗಳಲ್ಲಿ ಡಿಸ್ಕ್ ಎನ್‌ವಿಎಂಇ ಆಗಿ ಕಾಣುತ್ತದೆ, ನೆಟ್‌ವರ್ಕ್‌ಗೆ ಇಎನ್‌ಎ ಡ್ರೈವರ್ ಬೇಕು. ಹಳೆಯ ಇಮೇಜ್‌ನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್ ಆರಂಭದಲ್ಲಿ ಬೇಕಾದ ಡ್ರೈವರ್‌ಗಳ ಕಟ್ಟಿನಲ್ಲಿ) ಎನ್‌ವಿಎಂಇ ಡ್ರೈವರ್ ಇಲ್ಲದಿದ್ದರೆ ಮಷೀನ್ ಬೂಟ್ ಆಗುವುದೇ ಇಲ್ಲ, ಇಮೇಜ್‌ನಲ್ಲಿ ಇಎನ್‌ಎ ಇಲ್ಲದಿದ್ದರೆ ನೆಟ್‌ವರ್ಕ್ ಸಿಗುವುದಿಲ್ಲ. ರೀಬೂಟ್ ಆದಾಗ ಎರಡನೇ ಡಿಸ್ಕ್, ಮೂರನೇ ಡಿಸ್ಕ್ ಹೆಸರು ಅದಲುಬದಲಾಗಬಹುದು. ಎಫ್‌ಎಸ್‌ಟ್ಯಾಬ್‌ನಲ್ಲಿ ಡಿವೈಸ್ ಹೆಸರು ಬರೆಯಬೇಡಿ, ಯುಯುಐಡಿ ಬರೆಯಿರಿ. ರೂಟ್ ಅಲ್ಲದ ಡಿಸ್ಕ್‌ಗಳಿಗೆ 'ನೋಫೇಲ್' ಸೇರಿಸಿ, ಇಲ್ಲದಿದ್ದರೆ ಒಂದು ಡೇಟಾ ಡಿಸ್ಕ್ ಸಿಗದಿದ್ದರೂ ಇಡೀ ಮಷೀನ್ ಎಮರ್ಜೆನ್ಸಿ ಮೋಡ್‌ಗೆ ಬಿದ್ದು ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ. ಆಗ ಒಳಗೆ ಹೋಗಲು ಸೀರಿಯಲ್ ಕನ್ಸೋಲ್ ಬೇಕಾಗುತ್ತದೆ, ಅದರಲ್ಲಿ ಲಾಗಿನ್ ಆಗಲು ಪಾಸ್‌ವರ್ಡ್ ಇರುವ ಯೂಸರ್ ಬೇಕು. ಕೀ ಮಾತ್ರ ಇಟ್ಟ ಮಷೀನಿನಲ್ಲಿ ಕನ್ಸೋಲ್ ತೆರೆದರೂ ಕೈಕಟ್ಟಿ ನೋಡುತ್ತಾ ಕೂರಬೇಕು. ಅಂಥ ಒಬ್ಬ ಯೂಸರನ್ನು ಮೊದಲೇ ಮಾಡಿ, ಪಾಸ್‌ವರ್ಡನ್ನು ವಾಲ್ಟ್‌ನಲ್ಲಿ ಇಡಿ.

ಒರಾಕಲ್‌ಗೆ ಮೆಮೊರಿ ಹೊಂದಿಸುವಾಗ ಹ್ಯೂಜ್ ಪೇಜ್ ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ. ಎಸ್‌ಜಿಎ (ಒರಾಕಲ್‌ನ ಹಂಚಿಕೆಯ ಮೆಮೊರಿ) 64 ಜಿಬಿ ಇದೆ ಎನ್ನಿ. 4 ಕೆಬಿ ಪೇಜ್ ಆದರೆ ಸುಮಾರು 1.68 ಕೋಟಿ ಪೇಜ್. ಪ್ರತಿಯೊಂದಕ್ಕೂ ಪೇಜ್ ಟೇಬಲ್‌ನಲ್ಲಿ 8 ಬೈಟ್. ಎಲ್ಲವನ್ನೂ ಮುಟ್ಟಿದ ಒಂದು ಪ್ರೋಸೆಸ್‌ಗೆ 128 ಎಂಬಿ. 500 ಕನೆಕ್ಷನ್ ಆದರೆ ಬರಿ ಪೇಜ್ ಟೇಬಲ್‌ಗೇ 60 ಜಿಬಿ ಮೀರುತ್ತದೆ. 2 ಎಂಬಿ ಪೇಜ್ ಆದರೆ 32,768 ಪೇಜ್ ಸಾಕು, ಆ ಖರ್ಚು ಇಲ್ಲದಂತಾಗುತ್ತದೆ. ಹಾಗಾಗಿ ಹ್ಯೂಜ್ ಪೇಜ್ ಎಣಿಕೆಯನ್ನು 32,768ಕ್ಕಿಂತ ತುಸು ಹೆಚ್ಚು ಇಡಿ, ಒರಾಕಲ್ ಯೂಸರ್‌ಗೆ ಮೆಮ್‌ಲಾಕ್ ಮಿತಿ ಏರಿಸಿ, ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಆಫ್ ಮಾಡಿ. ಮೆಮೊರಿ ಟಾರ್ಗೆಟ್ ಪ್ಯಾರಾಮೀಟರ್ ಬಳಸುತ್ತಿದ್ದರೆ ಹ್ಯೂಜ್ ಪೇಜ್ ಕೆಲಸ ಮಾಡುವುದಿಲ್ಲ, ಅದನ್ನು ತೆಗೆದು ಎಸ್‌ಜಿಎ ಟಾರ್ಗೆಟ್ ಹಾಕಿ. ಎಸ್‌ಎಪಿಗೆ ಇಂಥ ಹೊಂದಿಕೆಗಳನ್ನು ಸೂಸೆಯಲ್ಲಿ ಸ್ಯಾಪ್‌ಟ್ಯೂನ್, ರೆಲ್‌ನಲ್ಲಿ ಟ್ಯೂನ್‌ಡಿ ಪ್ರೊಫೈಲ್ ಮಾಡಿಕೊಡುತ್ತವೆ. ಈ ಸವಲತ್ತು ಕೂಡ ಸಬ್‌ಸ್ಕ್ರಿಪ್ಷನ್ ಬೆಲೆಯಲ್ಲಿ ಸೇರಿದ್ದೇ.

ಕ್ಲಸ್ಟರ್

ಆಫೀಸ್‌ನಲ್ಲಿ ನಡೆಯುತ್ತಿದ್ದ ಪೇಸ್‌ಮೇಕರ್ ಎಂಬ ಕ್ಲಸ್ಟರ್ ತಂತ್ರಾಂಶದ ಸೆಟಪ್ಪನ್ನು ಕ್ಲೌಡ್‌ಗೆ ಹಾಗೇ ಎತ್ತಿಕೊಂಡು ಹೋದರೆ ಮೂರು ಕಡೆ ಮುರಿಯುತ್ತದೆ. ಮಲ್ಟಿಕಾಸ್ಟ್ ನೆಚ್ಚಬೇಡಿ, ಮಷೀನ್‌ಗಳು ಪರಸ್ಪರ ಮಾತಾಡಲು ಬಳಸುವ ಕೊರೊಸಿಂಕ್ ಯೂನಿಕಾಸ್ಟ್‌ನಲ್ಲಿ ಇರಲಿ. ತೇಲುವ ಐಪಿ ಸುಮ್ಮನೆ ಒಂದು ಮಷೀನಿನಿಂದ ಇನ್ನೊಂದಕ್ಕೆ ಹಾರುವುದಿಲ್ಲ: ಅಜೂರ್‌ನಲ್ಲಿ ಲೋಡ್ ಬ್ಯಾಲೆನ್ಸರ್ ಮತ್ತು ಹೆಲ್ತ್ ಪ್ರೋಬ್, ಎಡಬ್ಲ್ಯುಎಸ್‌ನಲ್ಲಿ ರೂಟ್ ಟೇಬಲ್ ಬದಲಿಸುವ ಓವರ್‌ಲೇ ಐಪಿ ಬೇಕು. ಫೆನ್ಸಿಂಗ್‌ಗೆ (ಉತ್ತರಿಸದ ಮಷೀನನ್ನು ಬಲವಂತವಾಗಿ ನಿಲ್ಲಿಸುವುದಕ್ಕೆ) ಕ್ಲೌಡ್ ಎಪಿಐ ಕರೆಯುವ ಏಜೆಂಟ್ ಬೇಕು, ಆ ಏಜೆಂಟ್‌ಗೆ ಮಷೀನ್ ಆಫ್ ಮಾಡುವ ಅನುಮತಿ ಇರಬೇಕು, ಎಪಿಐ ತಲುಪುವ ನೆಟ್‌ವರ್ಕ್ ದಾರಿಯೂ ಇರಬೇಕು. ಕೊರೊಸಿಂಕ್ ಟೋಕನ್ ಅವಧಿಯನ್ನು (ಜೊತೆಗಾರನ ಉತ್ತರಕ್ಕೆ ಕಾಯುವ ಸಮಯವನ್ನು) ಅಜೂರ್‌ನಲ್ಲಿ 30,000 ಮಿಲಿಸೆಕೆಂಡ್ ಇಡಲು ಹೇಳುತ್ತಾರೆ. ಕಾರಣ, ಕ್ಲೌಡ್‌ನವರು ಕೆಳಗಿನ ಹಾರ್ಡ್‌ವೇರ್ ರಿಪೇರಿ ಮಾಡುವಾಗ ಮಷೀನನ್ನು ಕೆಲವು ಸೆಕೆಂಡ್ ಹೆಪ್ಪುಗಟ್ಟಿಸುತ್ತಾರೆ. ಟೋಕನ್ ಅವಧಿ ಚಿಕ್ಕದಿದ್ದರೆ ಗಟ್ಟಿಮುಟ್ಟಾಗಿರುವ ಡೇಟಾಬೇಸನ್ನೇ ಜೊತೆಗಾರ ಕೊಂದುಹಾಕುತ್ತಾನೆ.

ಕ್ಲಸ್ಟರ್ ತಂತ್ರಾಂಶಕ್ಕೆ ರೆಲ್‌ನಲ್ಲಿ ಹೈ ಅವೈಲಬಿಲಿಟಿ ಆಡ್-ಆನ್, ಸೂಸೆಯಲ್ಲಿ ಹೈ ಅವೈಲಬಿಲಿಟಿ ಎಕ್ಸ್‌ಟೆನ್ಷನ್ ಬೇಕು. ಎರಡು ಕಂಪನಿಗಳ ಎಸ್‌ಎಪಿ ಆವೃತ್ತಿಯಲ್ಲೂ ಅದು ಸೇರಿರುತ್ತದೆ. ಬೆಲೆ ಹೋಲಿಸುವಾಗ ಸಾದಾ ಆವೃತ್ತಿಯ ಬೆಲೆ ಹಿಡಿದುಕೊಂಡು ಮೋಸ ಹೋಗಬೇಡಿ.

ಪ್ಯಾಚ್ ಮತ್ತು ಸ್ಕ್ಯಾನರ್

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಾಗ ಸಿಕ್ಕಿಬಿದ್ದದ್ದು ಹೊಚ್ಚಹೊಸ ಪ್ಯಾಕೇಜ್ ಕೊಡುವ ಡೆಬಿಯನ್ ಟೆಸ್ಟಿಂಗ್, ಓಪನ್‌ಸೂಸೆ ಟಂಬಲ್‌ವೀಡ್ ಮತ್ತು ಫೆಡೋರಾದ ಪರೀಕ್ಷಾ ಸಾಲುಗಳು. ರೆಲ್, ಸ್ಲೆಸ್, ಉಬುಂಟು ಎಲ್‌ಟಿಎಸ್‌ನಲ್ಲಿ ಆ ವರ್ಷನ್ ಬಂದೇ ಇರಲಿಲ್ಲ. ಅದೇ ವರ್ಷ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್‌ನ ಸಿವಿಇ-2024-6387 ಎಂಬ ದೋಷ ಹೊರಬಂದಾಗ ಓಪನ್‌ಎಸ್‌ಎಸ್‌ಎಚ್ 8.0 ಇದ್ದ ರೆಲ್ 8ಕ್ಕೆ ತೊಂದರೆಯಿರಲಿಲ್ಲ, 8.7 ಇದ್ದ ರೆಲ್ 9ಕ್ಕೆ ಇತ್ತು.

ಎಂಟರ್‌ಪ್ರೈಸ್ ಲಿನಕ್ಸ್‌ನವರು ವರ್ಷನ್ ಏರಿಸುವುದಿಲ್ಲ, ಹಳೆಯ ವರ್ಷನ್‌ಗೇ ಪ್ಯಾಚ್ ಹಾಕಿ ಕೊಡುತ್ತಾರೆ. ಹಾಗಾಗಿ ಪ್ಯಾಚ್ ಆದ ಮೇಲೂ ಹೊರಗಿನಿಂದ ನೋಡುವ ಸ್ಕ್ಯಾನರ್ "8.7, ಅಪಾಯ" ಎಂದೇ ಬರೆಯುತ್ತದೆ. ಆಡಿಟರ್ ಈ ಪಟ್ಟಿ ಹಿಡಿದು ಬಂದಾಗ ಹೊಸ ಓಪನ್‌ಎಸ್‌ಎಸ್‌ಎಚ್ ಅನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕುವವರಿದ್ದಾರೆ. ಹಾಗೆ ಖಂಡಿತ ಮಾಡಬೇಡಿ, ಅಲ್ಲಿಂದಾಚೆ ಆ ಪ್ಯಾಕೇಜ್‌ಗೆ ಸಪೋರ್ಟೂ ಇಲ್ಲ, ಪ್ಯಾಚೂ ಇಲ್ಲ. ಆರ್‌ಪಿಎಂ ಚೇಂಜ್‌ಲಾಗ್‌ನಲ್ಲಿ ಆ ಸಿವಿಇ ನಂಬರ್ ಹುಡುಕಿ ಆಡಿಟರ್‌ಗೆ ತೋರಿಸಿ, ಸ್ಕ್ಯಾನರ್‌ಗೆ ಮಷೀನ್ ಒಳಗೆ ಲಾಗಿನ್ ಆಗಿ ನೋಡುವ ಅನುಮತಿ ಕೊಡಿ.

ರೀಬೂಟ್ ಇಲ್ಲದೆ ಕರ್ನಲ್‌ಗೆ ಪ್ಯಾಚ್ ಹಾಕುವ ಲೈವ್ ಪ್ಯಾಚಿಂಗ್ ನಾಲ್ಕು ಲಿನಕ್ಸ್‌ಗಳಲ್ಲೂ ಇದೆ: ರೆಲ್‌ನಲ್ಲಿ ಕೆಪ್ಯಾಚ್, ಸೂಸೆಯಲ್ಲಿ ಲೈವ್ ಪ್ಯಾಚಿಂಗ್, ಉಬುಂಟು ಪ್ರೊದಲ್ಲಿ ಲೈವ್‌ಪ್ಯಾಚ್, ಒರಾಕಲ್ ಲಿನಕ್ಸ್‌ನಲ್ಲಿ ಕೆಸ್ಪ್ಲೈಸ್. ಕೆಸ್ಪ್ಲೈಸ್ ಕರ್ನಲ್ ಜೊತೆಗೆ ಜಿಲಿಬ್‌ಸಿ, ಓಪನ್‌ಎಸ್‌ಎಸ್‌ಎಲ್‌ಗೂ ರೀಬೂಟ್ ಇಲ್ಲದೆ ಪ್ಯಾಚ್ ಹಾಕುತ್ತದೆ. ಆದರೂ ಇವು ರೀಬೂಟನ್ನು ಮುಂದೂಡುತ್ತವೆ ಅಷ್ಟೇ, ಮೂರು ತಿಂಗಳಿಗೊಮ್ಮೆ ರೀಬೂಟ್ ಕಿಟಕಿ ಇಟ್ಟುಕೊಳ್ಳುವುದು ಒಳ್ಳೆಯದು.

ಭಾರತದಲ್ಲಿ ವ್ಯವಹಾರ ಇದ್ದರೆ

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಪಟ್ಟಿಯಲ್ಲಿರುವ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು, ಗಡಿಯಾರ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿ ಸಮಯ ಸರ್ವರ್‌ಗೆ, ಇಲ್ಲವೇ ಅವಕ್ಕೆ ಹೊಂದಿದ ಸರ್ವರ್‌ಗೆ ಜೋಡಿಸಿರಬೇಕು. ಕ್ಲೌಡ್ ಇಮೇಜ್‌ಗಳಲ್ಲಿ ಸಮಯ ಹೊಂದಿಸುವ ಕ್ರೋನಿ ಮೊದಲೇ ಕ್ಲೌಡ್‌ನ ಸ್ವಂತ ಸಮಯಕ್ಕೆ ಕಟ್ಟಿಕೊಂಡಿರುತ್ತದೆ, ಉದಾಹರಣೆಗೆ ಎಡಬ್ಲ್ಯುಎಸ್‌ನಲ್ಲಿ 169.254.169.123. ಇದನ್ನು ಕಂಪ್ಲಯನ್ಸ್ ತಂಡದ ಜೊತೆ ಕೂತು ತೀರ್ಮಾನಿಸಿ, ಇಮೇಜ್ ಕಟ್ಟುವ ಹಂತದಲ್ಲೇ ಹಾಕಿ. ಲಾಗ್ ಬರೆಯುವ ಜರ್ನಲ್‌ಡಿ ಮಾಮೂಲು ಸೆಟ್ಟಿಂಗ್‌ನಲ್ಲಿ ಜಾಗ ತುಂಬಿದರೆ ಹಳೆಯ ಲಾಗ್ ಅಳಿಸುತ್ತದೆ, 180 ದಿನಕ್ಕೆ ಹೊರಗಿನ ಸ್ಟೋರೇಜ್ ಬೇಕೇ ಬೇಕು. ಮುಂಬೈಗೆ ಡಿಆರ್ ಜೋಡಿಯಾಗಿ ಹೈದರಾಬಾದ್ ರೀಜನ್ ಆರಿಸಿದ್ದರೆ ನಿಮಗೆ ಬೇಕಾದ ಇಮೇಜ್ ಮತ್ತು ಮಷೀನ್ ಮಾದರಿ ಎರಡೂ ಕಡೆ ಸಿಗುತ್ತವೆಯೇ ನೋಡಿ. ಹೊಸ ರೀಜನ್‌ನಲ್ಲಿ ಎಲ್ಲ ಮಾದರಿ ಇರುವುದಿಲ್ಲ.

ಸಹಿ ಹಾಕುವ ಮೊದಲು

ಕೊನೆಗೆ ಉಳಿದ ಒಂದೋ ಎರಡೋ ಹೆಸರುಗಳನ್ನು ಗಂಟೆ ಲೆಕ್ಕದ ಇಮೇಜ್‌ನಲ್ಲಿ ಎರಡು ವಾರ ಓಡಿಸಿ. ಬರಿ ಅಪ್ಲಿಕೇಶನ್ ಏಳುತ್ತದೆಯೇ ಎಂದು ನೋಡಿದರೆ ಸಾಲದು. ಬ್ಯಾಕಪ್‌ನಿಂದ ಪೂರ್ತಿ ರಿಸ್ಟೋರ್ ಮಾಡಿ ಸಮಯ ಬರೆದುಕೊಳ್ಳಿ. ಕ್ಲಸ್ಟರ್‌ನ ಒಂದು ಮಷೀನನ್ನು ಕನ್ಸೋಲ್‌ನಿಂದ ಬಲವಂತವಾಗಿ ನಿಲ್ಲಿಸಿ, ಇನ್ನೊಂದು ಎಷ್ಟು ಸೆಕೆಂಡ್‌ಗೆ ಎದ್ದಿತು ನೋಡಿ. ಕರ್ನಲ್ ಅಪ್‌ಡೇಟ್ ಹಾಕಿ ರೀಬೂಟ್ ಮಾಡಿ, ಏಜೆಂಟ್‌ಗಳೆಲ್ಲ ನಿಜಕ್ಕೂ ಓಡುತ್ತಿವೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಕರ್ನಲ್ಲನ್ನು ಬೇಕೆಂದೇ ಕ್ರ್ಯಾಶ್ ಮಾಡಿ ಕೆಡಂಪ್ ಆ ಕ್ರ್ಯಾಶ್‌ನ ವಿವರವಿರುವ ಫೈಲ್ ಬರೆಯಿತೇ ನೋಡಿ. ರೆಲ್ 9 ಆದರೆ ಹಳೆಯ ಪಾಲುದಾರರ ಸಿಸ್ಟಮ್‌ಗಳಿಗೆ ಟಿಎಲ್‌ಎಸ್ ಕನೆಕ್ಷನ್ ಆಗುತ್ತದೆಯೇ ಪರೀಕ್ಷಿಸಿ. ಅದರ ಮಾಮೂಲು ಕ್ರಿಪ್ಟೊ ಪಾಲಿಸಿ ಹಳೆಯ ಶಾ-1 ಪದ್ಧತಿಯ ಸಹಿಗಳನ್ನು ಒಪ್ಪುವುದಿಲ್ಲ, ಬ್ಯಾಂಕ್ ಅಥವಾ ಸರಬರಾಜುದಾರರ ಹಳೆಯ ಸರ್ಟಿಫಿಕೇಟ್ ಇದ್ದರೆ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಶಾ-1 ಸಬ್‌ಪಾಲಿಸಿ ಹಾಕಿ ತಾತ್ಕಾಲಿಕವಾಗಿ ದಾಟಬಹುದು, ಆದರೆ ಆ ಕಡೆಯವರಿಗೆ ಸರ್ಟಿಫಿಕೇಟ್ ಬದಲಿಸಲು ದಿನಾಂಕ ಕೊಟ್ಟೇ ಹಾಕಿ.

ಇದರ ಜೊತೆ ಸಪೋರ್ಟ್‌ಗೆ ಒಂದು ನಿಜವಾದ ಟಿಕೆಟ್ ಹಾಕಿ. ಪ್ರಶ್ನೆ ನಿಮ್ಮ ಅಪ್ಲಿಕೇಶನ್‌ಗೆ ಸಂಬಂಧಿಸಿದ್ದಾಗಿರಲಿ, ಉತ್ತರ ಬಲ್ಲ ಎಂಜಿನಿಯರ್ ಕೈಗೆ ಅದು ಎಷ್ಟು ಗಂಟೆಯಲ್ಲಿ ತಲುಪಿತು ಎಂದು ಶೀಟ್‌ನಲ್ಲಿ ಬರೆಯಿರಿ. ಗಂಟೆ ಲೆಕ್ಕದ ಇಮೇಜ್ ಆದರೆ ಟಿಕೆಟ್ ಮೊದಲು ಕ್ಲೌಡ್ ಕಂಪನಿಗೆ ಹೋಗುತ್ತದೆ, ನಿಮ್ಮದೇ ಸಬ್‌ಸ್ಕ್ರಿಪ್ಷನ್ ಆದರೆ ನೇರ ಲಿನಕ್ಸ್ ಕಂಪನಿಗೆ. ಎರಡು ದಾರಿಯ ಸಮಯವನ್ನೂ ಅಳೆದು ನೋಡಿ, ಆಮೇಲೆ ಖಾಲಿ ಕಾಲಂ ತುಂಬಿ.